ಅಕ್ಕನ ಪಕ್ಕೆಯ ಫೋಟೊ

ನಮ್ಮಕ್ಕನ ಪಕ್ಕೆಯನ್ನು ಊರೆಲ್ಲ ನೋಡಿತು. ನಮ್ಮ ಕೇರಿಯ ಅಂಬೇಡ್ಕರ್ ಭವನದ ಗೋಡೆಗೆ ಬಿಳಿ ಪರದೆ ಕಟ್ಟಿ ಅದರ ಮೇಲೆ ತೋರಿಸಿದರು. ಮುಖ ಇರಲಿಲ್ಲ, ಹೆಸರೂ ಇರಲಿಲ್ಲ. ಪಕ್ಕೆಲುಬಿನ ಕೆಳಗೆ ಒಂದು ಗಂಟು, ಅದರ ಸುತ್ತ ಅರಿಶಿನದ ಕಲೆ, ಮೇಲಕ್ಕೆತ್ತಿ ಹಿಡಿದ ಹಸಿರು ರವಿಕೆಯ ಅಂಚು. ಅದೇ ಹಸಿರು ರವಿಕೆ ತೊಟ್ಟುಕೊಂಡು ನಮ್ಮಕ್ಕ ಚೆನ್ನಾಜಮ್ಮ ನನ್ನ ಪಕ್ಕದಲ್ಲಿ ಚಾಪೆ ಮೇಲೆ ಕೂತಿದ್ದಳು.

"ನೋಡಿ ತಾಯಂದಿರಾ, ಮೌಢ್ಯ ಅಂದ್ರೆ ಇದು" ಎಂದರು ಡಾಕ್ಟರ್ ಕಿರಣ್, ಮೈಕಿನಲ್ಲಿ. "ಈ ಯಮ್ಮಂಗೆ ಲಿವರಲ್ಲಿ ಗಡ್ಡೆ ಇತ್ತು. ಸೂಜಿ ಹಾಕಿ ಪರೀಕ್ಷೆ ಮಾಡಿದ್ವಿ, ಆಪರೇಷನ್ ಮಾಡ್ಸಿದ್ವಿ, ವಾಸಿ ಆಯ್ತು. ಆದ್ರೆ ಸೂಜಿ ಚುಚ್ಚಿದ ಜಾಗಕ್ಕೆ ಮನೆಯವರು ಸುಣ್ಣ ಅರಿಶಿನ ಮೆತ್ತಿದ್ರು. ಚರ್ಮ ಸುಟ್ಟು ಕೆಟ್ಟು ಈ ಥರ ಗಂಟಾಯ್ತು. ನಾವು ವಾಸಿ ಮಾಡಿದ್ದನ್ನ ಮನೆಯವರ ಕೈ ಕೆಡಿಸ್ತು."

ಮನೆಯವರ ಕೈ ಅಂದರೆ ನಮ್ಮವ್ವನ ಕೈ. ಅದು ಗೊತ್ತಿಲ್ಲದವರು ಆ ಭವನದಲ್ಲಿ ಒಬ್ಬರೂ ಇರಲಿಲ್ಲ. ಹೆಂಗಸರು ಪರದೆ ನೋಡುವುದು ಬಿಟ್ಟು ಅವ್ವನನ್ನು ನೋಡಿದರು. ಅವ್ವ ಗೋಡೆಗೊರಗಿ ಕೂತಿದ್ದಳು. ಎರಡೂ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

ನಮ್ಮವ್ವ ಮಂಚಮ್ಮ ಕೇರಿಯ ಕೂಸುಗಳಿಗೆ ನೀರು ಹಾಕುವವಳು. ಕಾಲು ನೀಡಿ ಕೂತು, ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಮೂಗು ತೀಡಿ, ತಲೆ ಒತ್ತಿ ದುಂಡಗೆ ಮಾಡಿ ಬಿಸಿನೀರು ಹುಯ್ಯುವಳು. ಬಾಣಂತಿಯರ ಸೊಂಟ ಕಟ್ಟುವಳು. ನಾನು, ಅಕ್ಕ, ಅಕ್ಕನ ಮಕ್ಕಳು, ಕೇರಿಯಲ್ಲಿ ಓಡಾಡುವ ಅರ್ಧ ಜನ ಆ ಕಾಲ ಮೇಲೆ ಮಲಗಿ ಎದ್ದವರೇ. ಮಂಚಮ್ಮನ ಕೈಗುಣ ಚೆನ್ನಾಗಿದೆ ಅನ್ನುವುದು ಅವ್ವನ ಆಸ್ತಿ. ಬೇರೆ ಆಸ್ತಿ ಏನೂ ಇಲ್ಲ, ಹುಡುಕಿದರೂ ಸಿಗುವುದಿಲ್ಲ.

ಇನ್ನು ಈ ಕಿರಣ್. ಇವನು ಕೆಟ್ಟವನಾಗಿದ್ದರೆ ನನಗೆ ಕೆಲಸ ಸುಲಭವಿತ್ತು. ಬೈದು ಕೈ ತೊಳೆದುಕೊಳ್ಳುತ್ತಿದ್ದೆ. ನಮ್ಮೂರು ತಗಡೂರಿನ ಆಚೆ, ನಮ್ಮೂರಿನ ದೊಡ್ಡಮನೆಯ ಮಗ ಇವನು. ಇವನ ಅಜ್ಜನ ಕಾಲದಲ್ಲಿ ಅವ್ವ ಆ ಮನೆಯ ಕೊಟ್ಟಿಗೆ ಬಾಚುತ್ತಿದ್ದಳು. ಸಗಣಿ ಹೊತ್ತು ಬಂದವಳಿಗೆ ಅನ್ನದ ತಟ್ಟೆಯನ್ನು ದೂರದಲ್ಲಿಟ್ಟು ಕೋಲಿನಿಂದ ತಳ್ಳುತ್ತಿದ್ದರಂತೆ. ಆ ಮನೆಯಿಂದ ಬಂದ ಈ ಹುಡುಗ ಡಾಕ್ಟರಾಗಿ ನಂಜನಗೂಡಿನಲ್ಲಿ ನರ್ಸಿಂಗ್ ಹೋಂ ಇಟ್ಟ. ನಮ್ಮ ಕೇರಿಗೆ ಬಂದ. ನಮ್ಮ ಚಾಪೆ ಮೇಲೆ ಕೂತು ನಮ್ಮ ಲೋಟದಲ್ಲಿ ಟೀ ಕುಡಿದ. ಅವತ್ತು ಅವ್ವ ಒಲೆ ಮುಂದೆ ಕೂತು ಅತ್ತುಬಿಟ್ಟಳು. "ಕಾಲ ಬದ್ಲಾಯ್ತು ಕನವ್ವ ಗೌತಮಿ" ಅಂದಳು. ನಾನೂ ನಂಬಿದೆ. ಯಾಕೆ ನಂಬಬಾರದು ಹೇಳಿ. ಮುಟ್ಟಿ ನಾಡಿ ನೋಡಿದ, ಅವ್ವನನ್ನು ಅಜ್ಜಿ ಅಂದ.

ಅಕ್ಕ ರಸಬಾಳೆ ತೋಟದಲ್ಲಿ ಗೊನೆ ಹೊರುತ್ತಿದ್ದಳು, ಮಳೆಗಾಲದಲ್ಲಿ ನಾಟಿಗೆ ಹೋಗುತ್ತಿದ್ದಳು. ಬಲಪಕ್ಕೆ ನೋವು ಅನ್ನುತ್ತಲೇ ಎಷ್ಟೋ ಕಾಲ ಹೊತ್ತಳು. ಒಂದು ದಿನ ಗೊನೆ ಸಮೇತ ಬದುವಿನ ಮೇಲೆ ಕೂತುಬಿಟ್ಟಾಗ ಭಾವ ನಿಂಗರಾಜು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಕಿರಣ್ ಹತ್ತಿರ ಕರೆದುಕೊಂಡು ಹೋದ. ಸ್ಕ್ಯಾನ್ ಮಾಡಿದರು, ಗಡ್ಡೆ ಅಂದರು. ಎಂಥ ಗಡ್ಡೆ ಅಂತ ತಿಳಿಯಬೇಕಾದರೆ ಸೂಜಿ ಹಾಕಿ ಚೂರು ತೆಗೆಯಬೇಕು ಅಂದರು. ಅಕ್ಕ ಹೆದರಿದಳು. ಸೂಜಿ ಹಾಕಿದರೆ ಕಾಯಿಲೆ ಮೈಗೆಲ್ಲ ಹರಡುತ್ತದೆ ಎಂದು ತೋಟದ ಹೆಂಗಸರು ಹೇಳಿದ್ದರು. ಕಿರಣ್ ನಕ್ಕ. "ಇರುವೆ ಕಚ್ಚಿದಂಗೆ ಕಣಮ್ಮ. ಏನೂ ಆಗಲ್ಲ, ನಾನಿದೀನಲ್ಲ" ಅಂದ.

ಸೂಜಿ ಹಾಕಿದ ಜಾಗ ನೀಲಿಗಟ್ಟಿತ್ತು. ಮನೆಗೆ ಬಂದ ಮೇಲೆ ಅವ್ವ ಸುಣ್ಣ ಅರಿಶಿನ ಕಲೆಸಿ ಬೆಚ್ಚಗೆ ಮಾಡಿ ಹಚ್ಚಿದಳು. ಏಟು ಬಿದ್ದರೆ, ಉಳುಕಿದರೆ, ಬಾತರೆ ನಾವು ಹಚ್ಚುವುದು ಅದನ್ನೇ. ದೊಡ್ಡಮನೆಯವರೂ ಅದನ್ನೇ ಹಚ್ಚುತ್ತಾರೆ. ಪರೀಕ್ಷೆಯಲ್ಲಿ ಕ್ಯಾನ್ಸರ್ ಅಂತ ಬಂತು. ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ಲಿವರಿನ ಆ ಭಾಗ ಕತ್ತರಿಸಿ ತೆಗೆದರು. ಅಕ್ಕ ಬದುಕಿಕೊಂಡಳು. ಮುಂದಿನ ನಾಟಿಗೆ ಗದ್ದೆಗೂ ಇಳಿದಳು.

ಅದಾಗಿ ವರ್ಷದ ಹೊತ್ತಿಗೆ ಸೂಜಿ ಚುಚ್ಚಿದ್ದ ಜಾಗದಲ್ಲೇ ಚರ್ಮದ ಮೇಲೊಂದು ಗಂಟು ಎದ್ದಿತು. ಅವರೆಕಾಳಿನಷ್ಟು. ಅವ್ವ ಮತ್ತೆ ಸುಣ್ಣ ಅರಿಶಿನ ಹಚ್ಚಿದಳು. ಹೋಗಲಿಲ್ಲ. ಕಿರಣ್‌ಗೆ ತೋರಿಸಿದೆವು. ಅವನು ಒತ್ತಿ ನೋಡಿದ. ಮುಖ ಒಂಥರಾ ಆಯಿತು, ನಾನೇ ಕಂಡೆ. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡ. "ದೊಡ್ಡ ಡಾಕ್ಟರಿಗೆ ಕಳಿಸಿ ಕೇಳ್ತೀನಿ" ಅಂದ. ಮುಂದಿನ ಸಲ ಹೋದಾಗ, "ಏನಿಲ್ಲ, ಸುಣ್ಣ ಹಚ್ಚಿ ಸುಟ್ಟಿದೀರಿ, ಇದನ್ನ ಸವರಿ" ಎಂದು ಒಂದು ಮುಲಾಮು ಬರೆದುಕೊಟ್ಟ. ಅಕ್ಕ ಸವರಿದಳು. ಸವರಿಯೇ ಸವರಿದಳು. ಗಂಟು ನಿಂಬೆಹಣ್ಣಿನಷ್ಟಾಯಿತು. ಆಮೇಲೆ ಬಂತು ಈ ಕ್ಯಾನ್ಸರ್ ತಪಾಸಣೆ ಕ್ಯಾಂಪು, ಈ ಪರದೆ.

ಕ್ಯಾಂಪಿನ ಮಾರನೇ ದಿನವೇ ಎದುರುಮನೆ ಸುನೀತಾ ತನ್ನ ಕೂಸಿಗೆ ನೀರು ಹಾಕಲು ಬೇರೆ ಯಾರನ್ನೋ ಕರೆದಳು. ಅವ್ವ ಎಣ್ಣೆ ಬಟ್ಟಲು ಹಿಡಿದು ಅವಳ ಬಾಗಿಲಿಗೆ ಹೋಗಿ ನಿಂತಿದ್ದಳು. "ಇವತ್ ಬ್ಯಾಡ ಕನಮ್ಮಾ" ಅಂದಳು ಸುನೀತಾ, ನೆಲ ನೋಡಿಕೊಂಡು. ಆಮೇಲೆ ಯಾರೂ ಕರೆಯಲಿಲ್ಲ. ಕೇರಿಯ ಯಜಮಾನ ಚೆಲುವಯ್ಯ ಜಗಲಿ ಮೇಲೆ ಕೂತು, "ಡಾಕ್ಟ್ರು ಸುಳ್ಳೇಳ್ತಾರಾ? ವಯಸ್ಸಾಯ್ತು, ಇನ್ನಾದ್ರೂ ಸುಮ್ನಿರು ಮಂಚಮ್ಮ" ಎಂದು ಬುದ್ಧಿ ಹೇಳಿದ. ನಿಂಗರಾಜು ಕುಡಿದು ಬಂದು ಬಾಗಿಲಲ್ಲಿ ನಿಂತು, "ನನ್ನೆಡ್ತಿನ ನೀನೇ ತಿಂದ್ಕಂಡೆ. ಇನ್ಮೇಲೆ ಅವ್ಳ್ ಮೈ ಮುಟ್ಟಿದ್ರೆ ಸರಿ ಇರಲ್ಲ" ಎಂದು ಕೂಗಾಡಿದ.

ಅವ್ವ ಅದನ್ನು ನಂಬಿಬಿಟ್ಟಿದ್ದಳು. ಅಕ್ಕನಿಗೆ ಗಂಜಿ ಕೊಡುವಾಗ ತಟ್ಟೆಯನ್ನು ನೆಲದ ಮೇಲಿಟ್ಟು, ಬೆರಳ ತುದಿಯಿಂದ ಮುಂದಕ್ಕೆ ತಳ್ಳಿ ಹಿಂದೆ ಸರಿದು ಕೂರುವಳು. ಅದನ್ನು ನೋಡಿ ನನಗೆ ಮೈ ಉರಿದುಹೋಯಿತು. ದೊಡ್ಡಮನೆಯವರು ಅವಳಿಗೆ ಮಾಡಿದ್ದನ್ನು ಈಗ ಅವಳು ಹೆತ್ತ ಮಗಳಿಗೆ ಮಾಡುತ್ತಿದ್ದಳು. ಮಾಡಿಸಿದವನು ಅದೇ ಮನೆಯ ಮಗ.

"ಬಾರವ್ವ, ತಲೆಗ್ ನೀರಾಕು" ಎಂದು ಅಕ್ಕ ಕರೆಯುವಳು. ಜ್ವರ ಬಂದು ಬಿಟ್ಟ ಮೇಲೆ ಅವ್ವನ ಕೈಯಲ್ಲಿ ತಲೆ ತೊಳೆಸಿಕೊಳ್ಳುವುದು ಅವಳ ಅಭ್ಯಾಸ.

"ನಾ ಮುಟ್ಟಕ್ಕಿಲ್ಲ ಕನ್ ಮಗ. ಗೌತಮಿ ಆಕ್ತಾಳ" ಅನ್ನುವಳು ಅವ್ವ, ಅಲ್ಲಿಂದ ಎದ್ದು ಹೋಗುವಳು.

ನಾನು ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸದವಳು. ನಿಂತು ನಿಂತು ಕಾಲು ಬಾಯುತ್ತದೆ, ರಜ ಕೇಳಿದರೆ ಸೂಪರ್‌ವೈಸರ್ ಮೂಗು ಮುರಿಯುತ್ತಾನೆ. ಮುರಿದುಕೊಳ್ಳಲಿ ಎಂದು ರಜ ಹಾಕಿ ಅಕ್ಕನನ್ನು ನಾನೇ ಮೈಸೂರಿಗೆ ಕರೆದುಕೊಂಡು ಹೋದೆ. ಕಿರಣ್‌ಗೆ ಹೇಳಲಿಲ್ಲ. ಅಲ್ಲಿ ಅಕ್ಕನಿಗೆ ಆಪರೇಷನ್ ಮಾಡಿದ ಗುಂಪಿನಲ್ಲಿದ್ದ ಶಾಲಿನಿ ಮೇಡಂ ಗಂಟು ಮುಟ್ಟಿ ನೋಡಿದರು. ನೋಡಿ ನಮ್ಮ ಮೇಲೆಯೇ ರೇಗಿದರು.

"ಇಷ್ಟು ದಿನ ಎಲ್ಲಿದ್ರಿ? ಇದು ಸಣ್ಣದಿದ್ದಾಗಲೇ ಕಿರಣ್ ನನಗೆ ಫೋಟೊ ಕಳಿಸಿದ್ರು. ಸೂಜಿ ದಾರೀಲಿ ಬಂದಿರೋ ಕ್ಯಾನ್ಸರ್ ಇದು, ತಡ ಮಾಡಬೇಡಿ, ನಾಳೆನೇ ಕಳಿಸಿ ಅಂತ ನಾನು ಅವತ್ತೇ ಹೇಳಿದ್ನಲ್ಲ."

ಅಕ್ಕ ಕೇಳಿದಳು. "ಸೂಜಿ ದಾರಿ ಅಂದ್ರೆ ಏನ್ ಮೇಡಂ?"

ಅವರು ಕುರ್ಚಿ ಎಳೆದುಕೊಂಡು ಕೂತು ಹೇಳಿದರು. ಗಡ್ಡೆಯೊಳಕ್ಕೆ ಹೋದ ಸೂಜಿ ಹೊರಗೆ ಬರುವಾಗ ಕ್ಯಾನ್ಸರಿನ ಕಣ ಒಂದೆರಡು ದಾರಿಯಲ್ಲಿ ಉಳಿದುಬಿಡಬಹುದು. ಅಲ್ಲೇ ಬೆಳೆದು ಚರ್ಮದಲ್ಲಿ ಗಂಟಾಗಬಹುದು. ಅಪರೂಪ. ಬಹಳ ಜನಕ್ಕೆ ಏನೂ ಆಗುವುದಿಲ್ಲ. ಸೂಜಿ ಹಾಕಿದ್ದು ತಪ್ಪಲ್ಲ, ಹಾಕದಿದ್ದರೆ ಕಾಯಿಲೆ ಏನೆಂದೇ ಗೊತ್ತಾಗುತ್ತಿರಲಿಲ್ಲ. ಚಿಕ್ಕದಿರುವಾಗ ಬಂದಿದ್ದರೆ ಸುತ್ತಲ ಚರ್ಮದ ಜೊತೆ ಕತ್ತರಿಸಿ ತೆಗೆಯಬಹುದಿತ್ತು. ಈಗ ಪಕ್ಕೆಲುಬಿಗೆ ಹಿಡಿದಿದೆ.

"ನಮ್ಮವ್ವ ಸುಣ್ಣ ಅರಿಶಿನ ಹಚ್ಚಿದ್ಲು" ಅಂದೆ ನಾನು.

"ಹಚ್ಚಲಿ. ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ."

ಬಸ್ ಸ್ಟ್ಯಾಂಡಿಗೆ ನಡೆದು ಬಂದೆವು. ಅಲ್ಲಿ ಅಕ್ಕ ಕಲ್ಲುಬೆಂಚಿನ ಮೇಲೆ ಕೂತಳು. ತನ್ನ ಕಾಯಿಲೆಯ ಸುದ್ದಿಯನ್ನೇ ಎತ್ತಲಿಲ್ಲ. "ಅವುನ್ಗೆ ಗೊತ್ತಿತ್ತು ಕನ್ ಗೌತಮಿ" ಅಂದಳು. "ಗೊತ್ತಿದ್ದೂ ಅವ್ವನ್ ತಲ ಮೇಲಾಕ್ದ."

ನಾನು ಮಾರನೇ ದಿನವೇ ನರ್ಸಿಂಗ್ ಹೋಮಿಗೆ ಹೋದೆ. ಕಿರಣ್ ನನ್ನನ್ನು ಒಳಗಿನ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದ. ಟೀ ಹೇಳಿದ. ಬೇಡ ಅಂದೆ.

"ಗೊತ್ತಿತ್ತಾ?"

ಅವನು ಕನ್ನಡಕ ತೆಗೆದು ಒರೆಸಿದ. "ಗೊತ್ತಿತ್ತು" ಅಂದ. "ನೋಡು ಗೌತಮಿ, ನೀನು ಓದಿರೋಳು, ನಿಂಗೆ ಅರ್ಥ ಆಗುತ್ತೆ. ಸೂಜಿ ಹಾಕಿದ್ರೆ ಕ್ಯಾನ್ಸರ್ ಹರಡುತ್ತೆ ಅಂತ ಹಳ್ಳೀಲಿ ಮೊದಲೇ ಪುಕಾರಿದೆ. ಅಪರೂಪಕ್ಕೆ ಹಿಂಗಾಗುತ್ತೆ ಅಂತ ನಿಜ ಹೇಳಿದ್ರೆ ಆ ಅಪರೂಪಕ್ಕೆ ಅನ್ನೋದು ನಿಮ್ಮ ಜನದ ಕಿವಿಗೆ ಹೋಗಲ್ಲ. ಒಬ್ರೂ ಪರೀಕ್ಷೆಗೆ ಬರಲ್ಲ. ಎಷ್ಟು ಜನ ಸಾಯ್ತಾರೆ ಯೋಚ್ನೆ ಮಾಡು. ನಿಮ್ಮ ಒಳ್ಳೇದಕ್ಕೇ ನಾನು ಹಂಗೆ ಹೇಳಿದ್ದು."

"ಅಕ್ಕನ್ನ ಮೈಸೂರಿಗ್ ಯಾಕ್ ಕಳುಸ್ಲಿಲ್ಲ?"

"ಕಳಿಸಿದ್ರೆ ಊರಿಗೆಲ್ಲ ಗೊತ್ತಾಗ್ತಿತ್ತು. ಕ್ಯಾಂಪುಗಳು ಮುಗೀಲಿ ಅಂತಿದ್ದೆ. ಇಷ್ಟು ಬೇಗ ಬೆಳೆಯುತ್ತೆ ಅಂದ್ಕೊಂಡಿರಲಿಲ್ಲ."

"ನಮ್ಮವ್ವನ್ ಕೈ ಕೆಡುಸ್ತು ಅಂದ್ರಲ್ಲ."

"ನಾನು ಯಾರ ಹೆಸರೂ ಹೇಳಿಲ್ಲವಲ್ಲ. ಮುಂದಿನ ಟ್ರೀಟ್‌ಮೆಂಟ್ ನಾನು ನೋಡ್ಕೋತೀನಿ, ಬಿಡು."

"ಅದ್ ಬ್ಯಾಡ. ಬಂದು ಕೇರೀಲಿ ನಿಜ ಹೇಳಿ."

"ಅದೊಂದು ಕೇಳಬೇಡ" ಅಂದ. ಎದ್ದು ಬಾಗಿಲು ತೆಗೆದ.

ಅವನ ಅಜ್ಜ ಅನ್ನವನ್ನು ದೂರ ಇಟ್ಟ, ಇವನು ನಿಜವನ್ನು ದೂರ ಇಟ್ಟ. ನಮ್ಮ ಚಾಪೆ ಮೇಲೆ ಕೂತೇ ಇಟ್ಟ. ನಿಜ ಹೇಳಿದರೆ ತಡೆದುಕೊಳ್ಳುವ ತಲೆ ನಮಗಿಲ್ಲ ಎಂದು ಅವನು ಟೀ ಕುಡಿಯುವಾಗಲೇ ತೀರ್ಮಾನ ಮಾಡಿಕೊಂಡಿದ್ದ. ಅಂಥವನು ಕುಡಿದ ಲೋಟವನ್ನು ಅವ್ವ ಕಣ್ಣಿಗೊತ್ತಿಕೊಂಡು ತೊಳೆದಿಟ್ಟಿದ್ದಳು.

ಮನೆಯಲ್ಲಿ ಅವ್ವನಿಗೆ ಹೇಳಿದೆವು. ಅಕ್ಕ ಹೇಳಿದಳು, ನಾನು ಹೇಳಿದೆ, ಶಾಲಿನಿ ಮೇಡಂ ಮಾತನ್ನು ಇದ್ದ ಹಾಗೇ ಒಪ್ಪಿಸಿದೆವು. ಅವ್ವ ತಲೆ ಅಲ್ಲಾಡಿಸಿದಳು. "ನನ್ ಸಮಾಧಾನಕ್ಕ ಏಳ್ತಿದ್ದೀರಿ. ಅಷ್ಟು ಜನುದ್ ಮುಂದ ಮೈಕಲ್ಲಿ ಏಳುದ್ರಲ್ಲ ಬುದ್ದಿಯೋರು" ಅಂದಳು. ಅವಳಿಗೆ ಅವನು ಇನ್ನೂ ಬುದ್ದಿಯೋರು.

"ಅಂಗಾದ್ರ ಅವ್ನೇ ಏಳ್ಬೇಕು" ಅಂದಳು ಅಕ್ಕ. "ನಾನ್ ಸಾಯದು ಸಾಯ್ತಿನಿ. ಅವ್ವನ್ ತಲ ಮೇಲ ಆಕ್ಬುಟ್ಟು ಸಾಯಕ್ಕಿಲ್ಲ."

ತಿ. ನರಸೀಪುರದಲ್ಲಿ ಕಿರಣ್ ಕ್ಯಾಂಪ್ ಮಾಡುತ್ತಾನೆ, ಸೂಜಿ ಪರೀಕ್ಷೆಯನ್ನೂ ಅಲ್ಲೇ ಮಾಡುತ್ತಾನೆ ಅನ್ನುವುದು ಫ್ಯಾಕ್ಟರಿ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಬಂತು. ಅವ್ವ ಬರುವುದಿಲ್ಲ ಅಂದಳು. ಅಕ್ಕ, "ನೀ ಬರ್ದಿದ್ರ ನಾ ಗಂಜಿ ಮುಟ್ಟಕ್ಕಿಲ್ಲ" ಅಂದಳು. ಮೂವರೂ ಹೊರಟೆವು. ಬಸ್ಸು ರಶ್ಶಾಗಿತ್ತು. ಸೀಟಿನ ಕಂಬಿ ಪಕ್ಕೆಗೆ ತಾಕಿದರೆ ಅಕ್ಕನಿಗೆ ಜೀವ ಹೋಗುತ್ತಿತ್ತು, ಅದಕ್ಕೆ ನಿಂತೇ ಬಂದಳು. ಅವ್ವ ಹಿಂದಿನ ಸೀಟಿನಲ್ಲಿ ದೂರವೇ ಕೂತಿದ್ದಳು.

ಕಲ್ಯಾಣ ಮಂಟಪ ತುಂಬಿತ್ತು. ನಮಗೆ ಗೊತ್ತಿರುವ ಒಂದು ಮುಖವೂ ಇರಲಿಲ್ಲ. ಕಿರಣ್ ಮೈಕ್ ಹಿಡಿದು ಬಂದ, ಅದೇ ನಗುಮುಖ, ಅದೇ ತಾಯಂದಿರಾ. ಆಮೇಲೆ ಪರದೆಯ ಮೇಲೆ ಬಂತು ಅಕ್ಕನ ಪಕ್ಕೆ. ನಾನು ನರ್ಸಿಂಗ್ ಹೋಮಿಗೆ ಹೋಗಿ ಕೇಳಿ ಬಂದ ಮೇಲೂ ಅವನು ಆ ಫೋಟೊ ತೆಗೆದಿರಲಿಲ್ಲ. ಒಳಗೆಲ್ಲೋ ಒಂಚೂರು ಆಸೆ ಉಳಿದಿತ್ತು ನನಗೆ, ತೆಗೆದಿರುತ್ತಾನೆ ಅಂತ. ಅದೂ ಹೋಯಿತು.

"ಮೌಢ್ಯ ಅಂದ್ರೆ ಇದು" ಎಂದು ಅವನು ಶುರುಮಾಡುವಷ್ಟರಲ್ಲಿ ಅಕ್ಕ ಎದ್ದು ನಿಂತಳು.

"ಅದು ನನ್ ಪಕ್ಕೆ ಕನ್ರವ್ವ."

ಹೆಂಗಸರು ತಿರುಗಿದರು. ಅಕ್ಕ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಮುಂದಕ್ಕೆ ಹೋದಳು. ಕಿರಣ್ ಮೈಕ್ ಕೆಳಗಿಳಿಸಿ, "ಚೆನ್ನಾಜಮ್ಮ, ಆಮೇಲೆ ಮಾತಾಡೋಣ, ಕೂತ್ಕೊಮ್ಮ" ಅಂದ. ಪರದೆ ಆರಿಸುವಂತೆ ಕೈಸನ್ನೆ ಮಾಡಿದ. ಆರಿತು.

"ಆರುಸ್ದ್ರೆ ಆರುಸ್ಲಿ, ನಿಜ್ವಾದ್ದು ಇಲ್ಲೇ ಅದ" ಅಂದಳು ಅಕ್ಕ. ಎಲ್ಲರ ಮುಂದೆ ರವಿಕೆ ಅಂಚು ಎತ್ತಿ ತೋರಿಸಿದಳು. ಮುಂದಿನ ಸಾಲಿನವಳೊಬ್ಬಳು ಬಾಯಿಗೆ ಸೆರಗು ಹಿಡಿದಳು. ಅಕ್ಕನಿಗೆ ನಾಚಿಕೆ ಇರಲಿಲ್ಲ. ಅವಳ ಮೈಯನ್ನು ಅವಳನ್ನು ಕೇಳದೆ ಊರೂರಿಗೆ ತೋರಿಸಿದ್ದವನು ನಾಚಿಕೊಳ್ಳಬೇಕಿತ್ತು.

"ಇದು ಸುಣ್ಣದಿಂದ ಆಗಿದ್ದಲ್ಲ. ಸೂಜಿ ಬಂದ್ ದಾರೀಲಿ ಬಂದದ್ದು. ಅಪರೂಪಕ್ಕ ಇಂಗಾಯ್ತದಂತೆ. ಇದು ಕಾಳಷ್ಟಿದ್ದಾಗ್ಲೇ ಈ ಡಾಕ್ಟ್ರಿಗೆ ಗೊತ್ತಿತ್ತು. ನಂಗ್ ಏಳ್ನಿಲ್ಲ. ಮುಲಾಮು ಕೊಟ್ಟು ಕಳುಸ್ದ್ರು. ನಮ್ಮವ್ವನ್ ಕೈ ಕೆಟ್ಟದ್ದು ಅಂತ ಊರೂರಲ್ಲಿ ಸಾರುದ್ರು. ಅಗೋ, ಅವ್ಳೇ ನಮ್ಮವ್ವ, ಅಲ್ಲಿ ಕುಂತಳ."

ಕಿರಣ್ ನನ್ನ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದ. "ನೋಡ್ತಿರು. ಈಗ ಎಲ್ಲಾ ಎದ್ದು ಹೋಗ್ತಾರೆ. ಆ ಪಾಪ ನಿಮ್ದು."

ನಾನು ತಿರುಗಿ ನೋಡಿದೆ. ಅವನ ಮಾತು ನಿಜವಾದರೆ ಏನು ಗತಿ ಎಂದು ನನಗೂ ಭಯವಿತ್ತು. ಒಬ್ಬರೂ ಏಳಲಿಲ್ಲ. ಹಿಂದಿನಿಂದ ಯಾರೋ ಕೇಳಿದರು, "ಅಂಗಾದ್ರ ಸೂಜಿ ಆಕುಸ್ಕಬಾರ್ದಾ?"

"ಆಕುಸ್ಕಬೇಕು" ಅಂದಳು ಅಕ್ಕ. "ಆಕುಸ್ಕಂಡಿದ್ಕೇ ನಾ ಇಲ್ಲಿಗಂಟ ಬದುಕಿರದು. ಆಕುಸ್ಕಂಡ್ ಮ್ಯಾಲ ಆ ಜಾಗ ದಿನಾ ಮುಟ್ ನೋಡ್ಕಳಿ. ಗಂಟು ಬಂದ್ರ ಮುಲಾಮು ಗಿಲಾಮು ಅಂದ್ರ ಕೇಳ್ಬ್ಯಾಡಿ, ಮೈಸೂರಿಗ್ ಓಗಿ ಕುಯ್ಸ್‌ಬುಡಿ. ಇಷ್ಟೇ ಕನ್ರವ್ವ. ಇದುನ್ನ ಏಳಕ್ಕ ಏನ್ ಕಷ್ಟ ಆಗಿತ್ತು ಇವ್ರಿಗೆ?"

ಆಗ ಮುಂದಿನ ಸಾಲಿನಿಂದ ಒಬ್ಬಾಕೆ ಎದ್ದರು. ಪುಟ್ಟಗೌರಮ್ಮ ಅಂತ ಹೆಸರು, ಆಮೇಲೆ ತಿಳಿಯಿತು. ಯಾರ ಪೈಕಿ ಎಂದು ನಾನು ಕೇಳಲಿಲ್ಲ. ಎದೆಯಲ್ಲಿ ಗಂಟಿತ್ತು. ಅವತ್ತು ಸೂಜಿ ಪರೀಕ್ಷೆಗೆ ಚೀಟಿ ಬರೆಸಿಕೊಂಡಿದ್ದವರಲ್ಲಿ ಅವರೇ ಮೊದಲು. ಚೀಟಿಯನ್ನು ಹರಿಯಲಿಲ್ಲ, ಬಿಸಾಡಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಹೋಗಿ ಕಿರಣ್ ಮುಂದೆ ನಿಂತರು.

"ನಾನು ಆಕುಸ್ಕತಿನಿ ಸಾ. ಈಗ್ಲೇ ಆಕುಸ್ಕತಿನಿ. ಮೊದ್ಲು ಆ ತಾಯಿಗೆ ತಪ್ಪಾಯ್ತು ಅನ್ನಿ."

"ನಿಮಗ್ಯಾಕಮ್ಮ ಅದು? ಬನ್ನಿ, ಹೊತ್ತಾಗುತ್ತೆ."

"ಆಗ್ಲಿ."

ಚೀಟಿ ಇದ್ದ ಇನ್ನೊಬ್ಬಳು ಬಂದು ಅವರ ಹಿಂದೆ ನಿಂತಳು. ಮತ್ತೊಬ್ಬಳು. ಸಾಲು ಬೆಳೆಯಿತು. ಯಾರೂ ಕೂಗಾಡಲಿಲ್ಲ. ಒಳಗೆ ಪರೀಕ್ಷೆಯ ಕೋಣೆಯ ಬಾಗಿಲು ತೆರೆದೇ ಇತ್ತು, ನರ್ಸು ಕೈಗವಸು ಹಾಕಿಕೊಂಡು ಕಾಯುತ್ತಿದ್ದಳು. ಒಬ್ಬರೂ ಮುಂದೆ ಹೋಗಲಿಲ್ಲ.

ಕಿರಣ್ ಆ ಕಡೆ ಈ ಕಡೆ ನೋಡಿದ. ಕೊನೆಗೆ ಮೈಕನ್ನು ಮೇಜಿನ ಮೇಲಿಟ್ಟು ಅವ್ವ ಕೂತಲ್ಲಿಗೆ ನಡೆದು ಬಂದ. ಬಗ್ಗಿ, ಅವಳಿಗೊಬ್ಬಳಿಗೇ ಅನ್ನುವಂತೆ, "ಅರಿಶಿನದಿಂದ ಆಗಿದ್ದಲ್ಲ ಅಜ್ಜಿ. ನನಗೆ ಗೊತ್ತಿತ್ತು. ತಪ್ಪಾಯ್ತು" ಅಂದ.

ಅವ್ವನ ಕಿವಿ ಈಗಲೂ ಚುರುಕು. ನಾಲ್ಕು ಮನೆ ಆಚೆ ಕೂಸು ಅತ್ತರೆ ಹಸಿವಿಗೋ ಹೊಟ್ಟೆನೋವಿಗೋ ಎಂದು ಒಲೆ ಮುಂದೆ ಕೂತೇ ಹೇಳುತ್ತಾಳೆ.

"ಕೇಳುಸ್ನಿಲ್ಲ ಕನಪ್ಪ" ಅಂದಳು.

ಅವನು ಇನ್ನೊಂದು ಸಲ ಹೇಳಿದ, ಸ್ವಲ್ಪ ಜೋರಾಗಿ. ಅವ್ವ ಅವನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಕೈ ತೆಗೆದು ಮೇಜಿನ ಕಡೆ ತೋರಿಸಿದಳು.

"ಇಲ್ಲಲ್ಲ. ಅಲ್ಲೋಗಿ ಮೈಕಲ್ಲಿ ಏಳು."